ವ್ಯಾನಿನ ಹಾಸಿಗೆ: ಪೇಪರ್ ಅಚ್ಚಿನಿಂದ ಜಿಪ್‌ವರೆಗೆ

ಪ್ರವಾಸಕ್ಕೆ ಹೋಗಿ ನಮ್ಮ ಮಾರುತಿ ಈಕೋ ವ್ಯಾನಿನಲ್ಲಿ ಮೊದಲ ಸಲ ಮಲಗಿದ್ದು ಮನೆಯ ಹಾಸಿಗೆ ಮೇಲೆ. ನೆಂಟರಿಗೆ ಅಂತ ಇಟ್ಟಿದ್ದ 4 ಅಡಿ ಅಗಲದ ನಾರಿನ ಹಾಸಿಗೆ. ಅದರ ಒಂದು ಅಂಚು ಚಕ್ರದ ಉಬ್ಬಿನ ಮೇಲೆ ಏರಿ ಕೂತಿತ್ತು. ಉದ್ದದಲ್ಲಿ 3 ಇಂಚು ಜಾಸ್ತಿಯಾಗಿ ಹಿಂದಿನ ಬಾಗಿಲು ಮುಚ್ಚಲೇ ಇಲ್ಲ, ಹಗ್ಗ ಕಟ್ಟಿ ಮಲಗಿದೆವು. ಊರು ಆಗುಂಬೆ, ತಿಂಗಳು ಜುಲೈ. ಬೆಳಿಗ್ಗೆ ಹಾಸಿಗೆ ಎತ್ತಿದರೆ ಕೆಳಗಿನ ಪ್ಲೈವುಡ್ ಪೂರ್ತಿ ಒದ್ದೆ. ಛಾವಣಿ ಎಲ್ಲೋ ಸೋರುತ್ತಿದೆ ಅಂತ ನಮ್ಮನೆಯವರು ಟಾರ್ಚ್ ಹಿಡಿದು ಹುಡುಕಿದ್ದೇ ಹುಡುಕಿದ್ದು. ಬಾಗಿಲ ಹತ್ತಿರ ಒಂದಿಷ್ಟು ಎರಚಲು ಬಿದ್ದಿತ್ತು, ಅಷ್ಟೇ. ಹಾಸಿಗೆ ಕೆಳಗಿನ ನೀರು ನಮ್ಮದೇ ಉಸಿರು, ನಮ್ಮದೇ ಬೆವರು.

ಮನೆಗೆ ಹಾಸಿಗೆ ತರುವಾಗ ಮೆತ್ತಗಿದೆಯಾ, ಗಟ್ಟಿಯಿದೆಯಾ ಅಂತ ಮೊದಲು ಕೇಳುತ್ತೇವೆ. ವ್ಯಾನಿಗೆ ತರುವಾಗ ಆ ಪ್ರಶ್ನೆ ಮೂರನೆಯದು. ಮೊದಲು ಅಳತೆ, ಆಮೇಲೆ ಕೆಳಗಡೆಯ ಗಾಳಿ. ಅದಕ್ಕೇ ನನ್ನ ಸಲಹೆ ಇಷ್ಟು: ಹಾಸಿಗೆ ಶೋರೂಮಿಗೆ ಹೋಗಬೇಡಿ. ಫೋಮ್ ಶೀಟ್ ಮಾರುವ ಅಂಗಡಿಗೂ, ಸೀಟ್ ಹೊಲಿಯುವ ಕುಶನ್ ವರ್ಕ್ಸ್‌ಗೂ ಹೋಗಿ. ಅಂಥವರು ಪ್ರತಿ ಊರಿನಲ್ಲೂ ಇದ್ದಾರೆ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆ ಇದ್ದೇ ಇದೆ.

ಮರ ಕತ್ತರಿಸುವ ಮುಂಚೆ ಒಂದು ಮಾತು

ಮಂಚವನ್ನು ವ್ಯಾನಿನ ಬಾಡಿಯ ತಗಡಿಗೆ ವೆಲ್ಡ್ ಮಾಡಿಸಬೇಡಿ. ಸೀಟು ಕಿತ್ತು ಬಿಸಾಡುವುದಕ್ಕೂ ಅವಸರ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿನ ಬಗ್ಗೆಯೇ ಇದೆ. ತಯಾರಕರು ಕೊಟ್ಟ, ನೋಂದಣಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ವಾಹನ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಸೀಟಿನ ಸಂಖ್ಯೆ ಬದಲಾಗುವ ಕೆಲಸವಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಎತ್ತಿ ಹೊರಗಿಡಬಹುದಾದ ಮಂಚ, ಮಡಚಬಹುದಾದ ಹಾಸಿಗೆ ಇದ್ದರೆ ಅದು ಸಾಮಾನಿನ ಲೆಕ್ಕ. ತಲೆನೋವು ಕಮ್ಮಿ.

ಇನ್ನೊಂದು. ವ್ಯಾನು ಓಡುತ್ತಿರುವಾಗ ಆ ಹಾಸಿಗೆ ಮೇಲೆ ಯಾರನ್ನೂ ಮಲಗಿಸಬೇಡಿ, ಮಕ್ಕಳನ್ನಂತೂ ಬೇಡವೇ ಬೇಡ. ಬೆಲ್ಟ್ ಇರುವ ಸೀಟಿನಲ್ಲೇ ಕೂರಲಿ.

ಹಂತ 1: ಅಳತೆ

ಈಕೋದ ಹೊರ ಅಗಲವೇ 1,475 ಮಿ.ಮೀ. ಅಂದರೆ 5 ಅಡಿಗೂ ಕಮ್ಮಿ. ಅದರೊಳಗೆ ಅಡ್ಡಡ್ಡ ಮಲಗುವ ಆಸೆ ಬಿಡಿ, ಉದ್ದಕ್ಕೇ ಮಲಗಬೇಕು. ಟೆಂಪೋ ಟ್ರಾವೆಲರ್‌ನಂಥ ದೊಡ್ಡ ಗಾಡಿಯಲ್ಲಿ ಕುಳ್ಳಗಿರುವವರು ಅಡ್ಡ ಮಲಗಬಹುದೇನೋ. ಆದರೂ ಟೇಪ್ ಹಿಡಿದು ನೋಡಿಯೇ ತೀರ್ಮಾನಿಸಿ. ಮಲಗುವವರ ಎತ್ತರಕ್ಕಿಂತ ಕನಿಷ್ಠ 4 ಇಂಚು ಹೆಚ್ಚು ಉದ್ದ ಬೇಕು. ನಿದ್ದೆಯಲ್ಲಿ ಪಾದ ಚಾಚಿಕೊಳ್ಳುತ್ತದೆ, ತಲೆ ಮೇಲೆ ಸರಿಯುತ್ತದೆ.

ನಮಗೆ ಹಿಂದೆ ಸಿಕ್ಕಿದ ಉದ್ದ 69 ಇಂಚು, ಅಂದರೆ 5 ಅಡಿ 9. ನನಗೆ ಧಾರಾಳ. ನಮ್ಮನೆಯವರ ಎತ್ತರ 5 ಅಡಿ 10. ಹಾಗಾಗಿ ಅವರು ಡ್ರೈವರ್ ಕಡೆ ಮಲಗುತ್ತಾರೆ. ಡ್ರೈವರ್ ಸೀಟು ಮುಂದಕ್ಕೆ ತಳ್ಳಿ, ಆ ಸಂದಿಗೆ ಕೀಲಿನ ಹಲಗೆ ಬಿಚ್ಚಿ, ಅದರ ಮೇಲೊಂದು 6 ಇಂಚಿನ ಫೋಮ್ ತುಂಡು ಇಟ್ಟರೆ ದಿಂಬಿಗೆ ಜಾಗ ಆಯಿತು.

ಟೇಪಿನ ಅಳತೆ ಮಂಚಕ್ಕೆ ಸಾಕು, ಹಾಸಿಗೆಗೆ ಸಾಲದು. ವ್ಯಾನಿನ ಗೋಡೆ ನೇರವಾಗಿರುವುದಿಲ್ಲ. ಕೆಳಗೆ ಒಂದು ಅಗಲ, ಅರ್ಧ ಅಡಿ ಮೇಲೆ ಇನ್ನೊಂದು ಅಗಲ. ಮಧ್ಯೆ ಕಂಬ, ಬೆಲ್ಟಿನ ಕೊಂಡಿ, ಚಕ್ರದ ಉಬ್ಬು. ಅದಕ್ಕೆ ಹಳೆ ನ್ಯೂಸ್‌ಪೇಪರ್ ನಾಲ್ಕಾರು ಹಾಳೆ ಅಂಟಿಸಿ, ಮಂಚ ಬರುವ ಎತ್ತರದಲ್ಲಿ ಹಾಸಿ, ಗೋಡೆಯ ಸೊಟ್ಟ ಎಲ್ಲೆಲ್ಲಿದೆಯೋ ಅಲ್ಲಲ್ಲಿ ಮಡಚಿ ಕತ್ತರಿಸಿ. ಫ್ರಿಜ್ಜಿನ ರಟ್ಟಿನ ಡಬ್ಬ ಸಿಕ್ಕರೆ ಇನ್ನೂ ಒಳ್ಳೆಯದು, ಅದು ಮುದುರುವುದಿಲ್ಲ. ಅಚ್ಚನ್ನು ಹಾಸಿಗೆಯ ಮೇಲ್ಭಾಗ ಬರುವ ಎತ್ತರದಲ್ಲೂ ಒಮ್ಮೆ ಹಿಡಿದು ನೋಡಿ. ಮೇಲೆ ಇಕ್ಕಟ್ಟಾದರೆ ಆ ಅಳತೆಯನ್ನೇ ತೆಗೆದುಕೊಳ್ಳಿ. ಗೋಡೆಯ ಕಡೆ ಅರ್ಧ ಇಂಚು ಬಿಡುವು ಇರಲಿ. ಬೆಡ್‌ಶೀಟ್ ಸಿಕ್ಕಿಸಲು ಬೆರಳು ಹೋಗಬೇಕು, ಗಾಳಿಯೂ ಹೋಗಬೇಕು.

ಆಮೇಲೆ ಅಚ್ಚಿನ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ: ‘ಮೇಲ್ಭಾಗ’, ‘ಡ್ರೈವರ್ ಕಡೆ’, ‘ಹಿಂಬಾಗಿಲು’. ನಾನು ಬರೆದಿರಲಿಲ್ಲ. ಫೋಮ್ ತಂದು ಹಾಕಿದರೆ ಚಕ್ರದ ಉಬ್ಬಿನ ಕಚ್ಚು ಎಡಕ್ಕೆ ಬರಬೇಕಾದದ್ದು ಬಲಕ್ಕೆ ಬಂದಿತ್ತು. “ಅಕ್ಕಾ, ನೀವು ಕೊಟ್ಟ ಪೇಪರ್ ಹೆಂಗಿತ್ತೋ ಹಂಗೇ ಕೊಯ್ದಿದೀನಿ” ಅಂದರು ಅಂಗಡಿಯವರು. ಅವರು ಹೇಳಿದ್ದು ಸರಿ. ಫೋಮನ್ನು ಮಗುಚಿ ಹಾಕಿದ್ದರಿಂದ ಬಚಾವಾದೆವು. ಕವರ್ ಹೊಲಿದು ಆಗಿದ್ದರೆ ಅದೂ ಆಗುತ್ತಿರಲಿಲ್ಲ.

ಹಂತ 2: ದಪ್ಪ ಎಷ್ಟು?

ಇದನ್ನು ಸೊಂಟ ತೀರ್ಮಾನಿಸುವುದಿಲ್ಲ, ತಲೆ ತೀರ್ಮಾನಿಸುತ್ತದೆ. ನೆಲದ ಮೇಲೆ ನೆಟ್ಟಗೆ ಕೂತರೆ ದೊಡ್ಡವರ ತಲೆ ಸುಮಾರು 3 ಅಡಿ ಎತ್ತರಕ್ಕೆ ಬರುತ್ತದೆ. ನಮ್ಮ ವ್ಯಾನಿನಲ್ಲಿ ನೆಲದಿಂದ ಛಾವಣಿಗೆ 4 ಅಡಿ ಸಿಕ್ಕಿತು. ಮಂಚ 8 ಇಂಚು, ಹಾಸಿಗೆ 4 ಇಂಚು, ಉಳಿದದ್ದು 3 ಅಡಿ. ಅಲ್ಲಿಗೆ ಲೆಕ್ಕ ಮುಗಿಯಿತು. ಆಸೆಪಟ್ಟು 8 ಇಂಚಿನ ಹಾಸಿಗೆ ಹಾಕಿಸಿದ್ದರೆ ಮಳೆಗಾಲದ ಸಂಜೆಯೆಲ್ಲ ಕತ್ತು ಬಗ್ಗಿಸಿ ಕೂರಬೇಕಿತ್ತು.

ಒಳ್ಳೆ ಫೋಮ್ ಆದರೆ 4 ಇಂಚು ಸಾಕು. ಮಗ್ಗುಲಾಗಿ ಮಲಗುವವರಿಗೆ, ಮೈ ಭಾರ ಇರುವವರಿಗೆ 5 ಇಂಚು. ಅದಕ್ಕಿಂತ ಮೇಲೆ ಹೋಗುವುದು ದೊಡ್ಡ ಗಾಡಿಯವರಿಗೆ ಬಿಟ್ಟ ವಿಚಾರ. ಪರೀಕ್ಷೆ ಸುಲಭ: ಅಂಗಡಿಯಲ್ಲಿ ಫೋಮನ್ನು ಹಲಗೆ ಮೇಲೆ ಹಾಕಿಸಿ, ಒಂದು ಮಂಡಿ ಊರಿ ಪೂರ್ತಿ ಭಾರ ಬಿಡಿ. ಮಂಡಿಗೆ ಹಲಗೆ ತಾಗಿದರೆ ಅದು ರಾತ್ರಿ ನಿಮ್ಮ ಸೊಂಟಕ್ಕೂ ತಾಗುತ್ತದೆ.

ಹಂತ 3: ಯಾವ ಫೋಮ್?

ಸ್ಪ್ರಿಂಗ್ ಹಾಸಿಗೆ ಮರೆತುಬಿಡಿ. ಅದನ್ನು ಕತ್ತರಿಸಲಾಗದು, ಮಡಚಲಾಗದು. ಗಾಳಿ ತುಂಬುವ ಹಾಸಿಗೆ ವರ್ಷಕ್ಕೆರಡು ಸಲ ಹೋಗುವವರಿಗೆ ಆಯಿತು. ಚಳಿಯಲ್ಲಿ ಕೆಳಗಿಂದ ತಣ್ಣಗೆ ಕೊರೆಯುತ್ತದೆ, ಒಂದು ಮುಳ್ಳು ಸಾಕು ಅದರ ಕಥೆ ಮುಗಿಸಲು.

ಅಂಗಡಿಯವರು ಮೊದಲು ಎತ್ತಿಕೊಡುವುದು ಪಿಯು, ಅಂದರೆ ಪಾಲಿಯುರೆಥೇನ್ ಫೋಮ್. ಸೋಫಾ, ಬಸ್ಸಿನ ಸೀಟು ಎಲ್ಲದರಲ್ಲೂ ಇರುವುದು ಅದೇ. “32 ಡೆನ್ಸಿಟಿ ಕೊಡ್ಲಾ, 40 ಕೊಡ್ಲಾ?” ಅಂತಾರೆ. ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮಿನ ತೂಕ ಎಷ್ಟು ಕೆ.ಜಿ. ಅಂತ. ಗಟ್ಟಿತನಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. 40 ಡೆನ್ಸಿಟಿಯಲ್ಲೇ ಮೆತ್ತಗಿನದೂ ಸಿಗುತ್ತದೆ, ಗಟ್ಟಿಯದೂ ಸಿಗುತ್ತದೆ. ಡೆನ್ಸಿಟಿ ಹೇಳುವುದು ಬಾಳಿಕೆಯನ್ನು. ಕಮ್ಮಿ ಡೆನ್ಸಿಟಿಯ ಫೋಮ್ ಅಂಗಡಿಯಲ್ಲಿ ಹಾಯಾಗಿರುತ್ತದೆ, ಕೆಲವೇ ತಿಂಗಳಲ್ಲಿ ಸೊಂಟದ ಜಾಗದಲ್ಲಿ ಗುಳಿ ಬೀಳುತ್ತದೆ. ವ್ಯಾನಿಗೆ ಹಾಸಿಗೆ ತೆಳ್ಳಗಿರುವುದರಿಂದ 40ಕ್ಕಿಂತ ಕೆಳಗೆ ಇಳಿಯಬೇಡಿ. ‘ಎಚ್‌ಆರ್’ ಅಂತ ಕೇಳಿ ನೋಡಿ, ಅದು ಒತ್ತಿದ ಮೇಲೆ ಬೇಗ ಪುಟಿದೇಳುವ ಜಾತಿ.

ಮೆಮೊರಿ ಫೋಮ್ ಬಗ್ಗೆ ನನಗೆ ಅಷ್ಟಾಗಿ ಒಲವಿಲ್ಲ. ಅದು ಬಿಸಿಗೆ ಮೆತ್ತಗಾಗುವ, ಚಳಿಗೆ ಬಿಗಿಯಾಗುವ ವಸ್ತು. ಮನೆಯಲ್ಲಿ ಅದು ಗೊತ್ತಾಗುವುದಿಲ್ಲ. ಜನವರಿಯಲ್ಲಿ ಮುಳ್ಳಯ್ಯನಗಿರಿ ತಪ್ಪಲಲ್ಲಿ ವ್ಯಾನ್ ನಿಲ್ಲಿಸಿ ಮಲಗಿದರೆ ಮೊದಲ ಅರ್ಧ ಗಂಟೆ ಹಲಗೆ ಮೇಲೆ ಮಲಗಿದ ಹಾಗೆ. ಏಪ್ರಿಲ್‌ನಲ್ಲಿ ಹಂಪಿಗೆ ಹೋದರೆ ಹಾಸಿಗೆಯೊಳಗೆ ಹೂತುಹೋಗಿ ಬೆವರುತ್ತೀರಿ. ಬೇಕೇ ಬೇಕು ಅನ್ನುವವರು ಮೇಲೆ ಒಂದೇ ಇಂಚಿನ ಪದರ ಹಾಕಿಸಿಕೊಳ್ಳಿ.

ಲ್ಯಾಟೆಕ್ಸ್ ನಿಜಕ್ಕೂ ಚೆನ್ನಾಗಿದೆ. ಸುಳ್ಯ, ಪುತ್ತೂರಿನ ಕಡೆ ರಬ್ಬರ್ ತೋಟದಲ್ಲಿ ಚಿಪ್ಪಿಗೆ ಹಾಲು ಇಳಿಯುವುದನ್ನು ನೋಡಿರುತ್ತೀರಲ್ಲ, ಅಂಥದೇ ಹಾಲನ್ನು ನೊರೆ ಬರಿಸಿ, ಅಚ್ಚು ಹಾಕಿ ಬೇಯಿಸಿದ್ದು. ಮೈಯುದ್ದಕ್ಕೂ ತೂತುಗಳಿರುತ್ತವೆ, ಗಾಳಿ ಆಡುತ್ತದೆ. ಚಳಿಗೆ ಕಲ್ಲಾಗುವುದಿಲ್ಲ. ತೊಂದರೆ ಎರಡು: ದುಬಾರಿ, ಮತ್ತು ಭಾರ. ನಮ್ಮ ಅಳತೆಯ 4 ಇಂಚಿನ ಹಾಸಿಗೆ 40 ಡೆನ್ಸಿಟಿ ಪಿಯುನಲ್ಲಿ 8 ಕೆ.ಜಿ. ಒಳಗೆ ಇದೆ. ಅದೇ ಅಳತೆ 80ರ ಲ್ಯಾಟೆಕ್ಸ್‌ನಲ್ಲಾದರೆ 15 ಕೆ.ಜಿ. ದಾಟುತ್ತದೆ. ದಿನಾ ಎತ್ತಿ ಇಡುವವರು ಯೋಚಿಸಬೇಕು.

ರೀಬಾಂಡೆಡ್ ಅಂತ ಬಣ್ಣಬಣ್ಣದ ಚೂರುಗಳನ್ನು ಒತ್ತಿ ಮಾಡಿದ ಫೋಮ್ ಇದೆ. ಬೆನ್ನುನೋವಿಗೆ ಒಳ್ಳೆಯದು ಅಂತ ಮಾರುತ್ತಾರೆ. ತುಂಬಾ ಗಟ್ಟಿ, ಭಾರವೂ ಜಾಸ್ತಿ. ಕೆಳಪದರಕ್ಕೆ ಒಂದಿಂಚು ಹಾಕಬಹುದು, ಅಷ್ಟೇ. ಬಿಳಿ ಇಪಿಇ ಶೀಟ್ ತೋರಿಸಿದರೆ ಕೈಮುಗಿದು ಬನ್ನಿ. ಟಿವಿ ಡಬ್ಬದೊಳಗೆ ಬರುವ ಪ್ಯಾಕಿಂಗ್ ಅದು.

ಹತ್ತಿ ಹಾಸಿಗೆ? ಪಿಂಜಾರರ ಹತ್ತಿರ ಹೊಸದಾಗಿ ಹಿಂಜಿಸಿ ತುಂಬಿಸಿದ ಹತ್ತಿ ಹಾಸಿಗೆಯ ಸುಖ ಬೇರೆಯೇ. ಬಯಲುಸೀಮೆಯ ಒಣಹವೆಗೆ ಈಗಲೂ ಅದೇ ಸರಿ ಅಂತೀನಿ. ಆದರೆ ಮಲೆನಾಡು, ಕರಾವಳಿ ಕಡೆ ಓಡಾಡುವ ವ್ಯಾನಿನಲ್ಲಿ ಹತ್ತಿ ಪಸೆ ಹೀರಿಕೊಂಡು ಗಂಟುಗಟ್ಟುತ್ತದೆ. ದಿನಾ ಬಿಸಿಲು ಕಾಣಿಸಬೇಕು. ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರುತ್ತೀರಿ?

ಕೊನೆಗೆ ನಾವು ಮಾಡಿಸಿದ್ದು: ಕೆಳಗೆ 3 ಇಂಚು 40 ಡೆನ್ಸಿಟಿಯ ಗಟ್ಟಿ ಫೋಮ್, ಮೇಲೆ 1 ಇಂಚು ಲ್ಯಾಟೆಕ್ಸ್. ಅದರ ಮೇಲೆ ಅತ್ತೆ ಹೊಲಿದ ಕೌದಿ. ಹಳೆ ಸೀರೆಯ ಕೌದಿಗಿಂತ ಒಳ್ಳೆ ಮೇಲ್ಹಾಸು ನನಗಂತೂ ಯಾವ ಅಂಗಡಿಯಲ್ಲೂ ಸಿಕ್ಕಿಲ್ಲ.

ಹಂತ 4: ಅಂಗಡಿಯಲ್ಲಿ ತೂಗಿಸಿ, ಮಲಗಿ ನೋಡಿ

40 ಅಂತ ಹೇಳಿ 32 ಕೊಟ್ಟರೆ ಕಣ್ಣಿಗೆ ಗೊತ್ತಾಗುವುದಿಲ್ಲ, ತಕ್ಕಡಿಗೆ ಗೊತ್ತಾಗುತ್ತದೆ. ಉದ್ದ, ಅಗಲ, ದಪ್ಪ ಮೂರನ್ನೂ ಇಂಚಿನಲ್ಲಿ ಗುಣಿಸಿ. ಅದನ್ನು ಡೆನ್ಸಿಟಿಯಿಂದ ಗುಣಿಸಿ 61,000ದಿಂದ ಭಾಗಿಸಿ. ಬಂದದ್ದು ಇರಬೇಕಾದ ತೂಕ, ಕೆ.ಜಿ.ಯಲ್ಲಿ. 72 ಇಂಚು ಉದ್ದ, 36 ಅಗಲ, 4 ದಪ್ಪದ ಶೀಟ್ 40 ಡೆನ್ಸಿಟಿಯದಾದರೆ ಸುಮಾರು 6.8 ಕೆ.ಜಿ. ತೂಗಬೇಕು. 5.4 ತೋರಿಸಿದರೆ ಅದು 32. ಕವರ್ ಇಲ್ಲದೆ ತೂಗಿ. ನಾನು ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಒಯ್ದಿದ್ದೆ. ಅಂಗಡಿಯವರು ನಕ್ಕರು, ಆದರೆ ಒಳಗಿಂದ ಬೇರೆ ಶೀಟ್ ತಂದರು.

ಆಮೇಲೆ ನಾಚಿಕೆ ಬಿಟ್ಟು ಹತ್ತು ಹದಿನೈದು ನಿಮಿಷ ಮಲಗಿ. ಕೂತು ಒತ್ತಿ ನೋಡುವುದು ಸೋಫಾಕ್ಕೆ ಸರಿ. ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಿ. ಸಲೀಸಾಗಿ ಓಡಾಡಿದರೆ ನಿಮಗೆ ಅದು ಗಟ್ಟಿ. ತೂರಲೇ ಇಲ್ಲ ಅಂದರೆ ಮೆತ್ತಗಾಯಿತು. ಸ್ವಲ್ಪ ಒತ್ತಿ ತೂರಿಸುವಂತಿದ್ದರೆ ಸರಿ. ಮಗ್ಗುಲಾಗಿ ಮಲಗಿದಾಗ ಭುಜ ಜೋಮು ಹಿಡಿಯುತ್ತಾ ಅಂತಲೂ ನೋಡಿ. ಇಬ್ಬರು ಮಲಗುವುದಾದರೆ ಇಬ್ಬರೂ ಹೋಗಿ.

ಹಂತ 5: ಕೆಳಗಡೆ ಗಾಳಿ

ಎಲ್ಲಕ್ಕಿಂತ ಹೆಚ್ಚು ಜನ ಬಿಡುವ ಹಂತ ಇದು. ಮಲಗಿದ ಒಬ್ಬೊಬ್ಬರಿಂದಲೂ ರಾತ್ರಿಯಲ್ಲಿ ಒಂದು ದೊಡ್ಡ ಲೋಟದಷ್ಟು ನೀರು ಉಸಿರು, ಬೆವರಿನಲ್ಲಿ ಹೊರಬರುತ್ತದೆ. ಮನೆಯಲ್ಲಿ ಅದು ಕೋಣೆಗೆಲ್ಲ ಹರಡಿ ಹೋಗುತ್ತದೆ. ವ್ಯಾನು ತಗಡಿನ ಡಬ್ಬ. ಮೈಬಿಸಿಯ ಜೊತೆ ಆ ಹಬೆ ಫೋಮಿನೊಳಗೆ ಇಳಿದು ತಣ್ಣನೆಯ ಪ್ಲೈವುಡ್ ಮುಟ್ಟಿದ ಕೂಡಲೇ ನೀರಾಗುತ್ತದೆ. ತಣ್ಣೀರಿನ ಲೋಟದ ಹೊರಗೆ ಹನಿ ಕೂರುತ್ತಲ್ಲ, ಹಾಗೆ. ವಾರದಲ್ಲಿ ಮುಗ್ಗಲು ವಾಸನೆ, ತಿಂಗಳಲ್ಲಿ ಕಪ್ಪು ಬೂಷ್ಟು.

ನಮ್ಮಜ್ಜಿ ಮನೆಯ ನುಲಿ ಮಂಚಕ್ಕೆ ಈ ತೊಂದರೆಯೇ ಇರಲಿಲ್ಲ, ಹಗ್ಗದ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ವ್ಯಾನಿನಲ್ಲಿ ಆ ಕೆಲಸ ಮಾಡುವುದು ಮರದ ರೀಪು. ಎರಡೂವರೆ ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ರೀಪುಗಳನ್ನು 2 ಇಂಚು ಸಂದಿ ಬಿಟ್ಟು ಜೋಡಿಸಿ. ಸಂದಿ ಎರಡೂವರೆ ಇಂಚು ದಾಟಿದರೆ ಫೋಮ್ ಒಳಗೆ ಇಳಿಯುತ್ತದೆ, ಬೆನ್ನಿಗೆ ಗೆರೆ ಬಿದ್ದ ಹಾಗೆ ಅನಿಸುತ್ತದೆ. ಎರಡು ದಪ್ಪ ಪಟ್ಟಿಗಳಿಂದ ಕಟ್ಟಿಕೊಂಡರೆ ಸುರುಳಿ ಸುತ್ತಿ ಎತ್ತಿಡಬಹುದು. ಅಗಲ ಜಾಸ್ತಿಯಿದ್ದರೆ ನಡುವೆ ಒಂದು ಆಧಾರದ ಪಟ್ಟಿ ಮರೆಯಬೇಡಿ.

ಪ್ಲೈವುಡ್ ಹಲಗೆ ಆಗಲೇ ಮಾಡಿಸಿದ್ದರೆ ಬಿಸಾಡಬೇಕಿಲ್ಲ. ಬಡಗಿಯಿಂದ ಒಂದಿಂಚಿನ ತೂತುಗಳನ್ನು ಅರ್ಧ ಅಡಿಗೊಂದರಂತೆ ಹೊಡೆಸಿ, ಅಂಚು ಉಜ್ಜಿಸಿ, ಎರಡೂ ಬದಿ ವಾರ್ನಿಷ್ ಬಳಿಯಿರಿ. ತೂತಿನ ಒಳಗೂ ಬಳಿಯಿರಿ, ನೀರು ಅಲ್ಲಿಂದಲೇ ಕುಡಿಯುವುದು. ಹೊಸದಾಗಿ ಕೊಳ್ಳುವುದಾದರೆ ಐಎಸ್ 710 ಅಂತ ಮುದ್ರೆ ಇರುವ ಮರೀನ್ ಪ್ಲೈ ಕೇಳಿ. ಹಲಗೆಗೂ ಹಾಸಿಗೆಗೂ ನಡುವೆ ತೆಳು ನಾರಿನ ಚಾಪೆ ಹಾಕಿದರೆ ಇನ್ನೂ ಒಳ್ಳೆಯದು. ಪ್ಲಾಸ್ಟಿಕ್ ಹಾಳೆ ಮಾತ್ರ ಹಾಕಬೇಡಿ. ಹಾಸಿಗೆ ಒದ್ದೆಯಾಗದಿರಲಿ ಅಂತ ಹಾಕಿದ್ದೇ ನೀರು ಹಿಡಿದಿಟ್ಟುಕೊಳ್ಳುತ್ತದೆ.

ಮಲಗುವಾಗ ಎದುರು ಬದುರು ಎರಡು ಕಿಟಕಿ ಎರಡು ಬೆರಳಷ್ಟು ತೆರೆದಿರಲಿ, ಸೊಳ್ಳೆ ಪರದೆ ಸಿಕ್ಕಿಸಿ. ಚಳಿ ಅಂತ ಒಳಗೆ ಸ್ಟವ್ ಹಚ್ಚುವುದು, ಕೆಂಡ ಇಡುವುದು ಪ್ರಾಣಕ್ಕೇ ಅಪಾಯ. ಸೊಳ್ಳೆ ಬತ್ತಿಯೂ ಬೇಡ. ಪಿಯು ಫೋಮ್‌ಗೆ ಕಿಡಿ ಬಿದ್ದರೆ ಬೇಗ ಹತ್ತಿಕೊಳ್ಳುತ್ತದೆ, ಅದರ ಹೊಗೆ ವಿಷ.

ಹಂತ 6: ತುಂಡು ಮಾಡುವುದು

ಒಂದೇ ಉದ್ದನೆ ಹಾಸಿಗೆ ನೋಡಲು ಚೆಂದ. ಆದರೆ ಹಗಲು ಹೊತ್ತು ಅದನ್ನು ಎಲ್ಲಿಡುತ್ತೀರಿ? ಮೂರು ತುಂಡು ಮಾಡಿ. ನಮ್ಮ 69 ಇಂಚನ್ನು 23, 23, 23 ಅಂತ ಮಾಡಿಸಿದೆವು. ಮೂರು ಸಮ ಮಾಡಿದರೆ ಸೊಂಟ ನಡುವಿನ ತುಂಡಿನ ಮಧ್ಯಕ್ಕೆ ಬರುತ್ತದೆ, ಸಂದಿಯ ಮೇಲೆ ಬರುವುದಿಲ್ಲ. ಎರಡು ತುಂಡು ಮಾಡಿದರೆ ಸಂದಿ ಸರಿಯಾಗಿ ಸೊಂಟದ ಕೆಳಗೇ ಕೂರುತ್ತದೆ. ಹಗಲು ಎರಡು ತುಂಡು ಬೆನ್ನಿಗೆ, ಒಂದು ಕೂರಲು. ಸೋಫಾ ಆಯ್ತು.

ಅಂಗಡಿಯಲ್ಲೇ ಮಿಷನ್ ಇದ್ದರೆ ಅಲ್ಲೇ ಕೊಯ್ಯಿಸಿ. ಮನೆಯಲ್ಲಿ ಮಾಡುವವರು ಮಾರ್ಕರ್‌ನಲ್ಲಿ ಮೇಲೆ ಕೆಳಗೆ ಎರಡೂ ಕಡೆ ಗೆರೆ ಎಳೆಯಿರಿ. ಗೆರೆಗೆ ಹಲಗೆಯೊಂದನ್ನು ಒತ್ತಿ ಹಿಡಿದು, ಬ್ರೆಡ್ ಕತ್ತರಿಸುವ ಹಲ್ಲಿನ ಚಾಕುವಿನಿಂದ ಉದ್ದುದ್ದ ಎಳೆದು ಕೊಯ್ಯಿರಿ. ಒತ್ತಬಾರದು. ಒತ್ತಿದರೆ ಅಂಚು ಬಿಲ್ಲಿನ ಹಾಗೆ ಬಾಗುತ್ತದೆ. ಕಾದ ತಂತಿ ಬೇಡ, ಹೊಗೆಯ ವಿಷಯ ಮೇಲೆಯೇ ಹೇಳಿದೆ. ತುಂಡುಗಳು ಒಂದಕ್ಕೊಂದು ತಾಗುವ ಕಡೆ ಕಾಲಿಂಚು ಹೆಚ್ಚೇ ಇರಲಿ, ಬಿಗಿಯಾಗಿ ಕೂರುತ್ತವೆ. ಹೊಸ ಫೋಮಿಗೆ ಒಂಥರಾ ಘಾಟು ಇರುತ್ತದೆ. ಎರಡು ಮೂರು ದಿನ ನೆರಳಲ್ಲಿ ಗಾಳಿಗೆ ಬಿಟ್ಟು ಆಮೇಲೆ ಕವರ್ ಹಾಕಿ.

ಹಂತ 7: ಕವರ್

ಕುಶನ್ ಅಂಗಡಿಯವರು ರೆಕ್ಸಿನ್ ಅಂತಾರೆ. ಒರೆಸಲು ಸುಲಭ ನಿಜ. ಆದರೆ ಮರವಂತೆ ಕಡಲ ಬದಿ ಮೇ ತಿಂಗಳಲ್ಲಿ ರೆಕ್ಸಿನ್ ಮೇಲೆ ಮಲಗಿ ನೋಡಿ, ಬೆನ್ನು ಅಂಟಿಕೊಂಡು ಎದ್ದೇಳಲೂ ಆಗುವುದಿಲ್ಲ. ಮೇಲಕ್ಕೆ ದಪ್ಪ ಹತ್ತಿ ಬಟ್ಟೆ, ಅಡಿಗೆ ಗಾಳಿಯಾಡುವ ಜಾಲಿ ಬಟ್ಟೆ ಹಾಕಿಸಿ. ಮಕ್ಕಳಿರುವ ಮನೆಯಾದರೆ ಬದಿಗಳಿಗೆ ಮಾತ್ರ ರೆಕ್ಸಿನ್ ಇರಲಿ.

ಕವರನ್ನು ಫೋಮಿಗಿಂತ ಅರ್ಧ ಇಂಚು ಚಿಕ್ಕದಾಗಿ ಹೊಲಿಸಬೇಕು. ಆಗ ಫೋಮ್ ಉಬ್ಬಿ ಮೂಲೆ ಮೂಲೆ ತುಂಬುತ್ತದೆ, ಸುಕ್ಕು ಬೀಳುವುದಿಲ್ಲ. ಹತ್ತಿ ಬಟ್ಟೆ ಒಗೆದರೆ ಕುಗ್ಗುತ್ತದೆ, ಹಾಗಾಗಿ ಹೊಲಿಸುವ ಮುಂಚೆಯೇ ಒಮ್ಮೆ ನೆನೆಸಿ ಒಣಗಿಸಿ ಕೊಡಿ. ಜಿಪ್ ಒಂದು ಬದಿಗೆ ಮಾತ್ರ ಇಟ್ಟರೆ ಫೋಮ್ ತೂರಿಸುವಷ್ಟರಲ್ಲಿ ಜಗಳ ಆಗಿರುತ್ತದೆ. ಉದ್ದನೆ ಬದಿ ಪೂರ್ತಿ, ಜೊತೆಗೆ ಎರಡು ಮೂಲೆ ತಿರುಗಿ ಅರ್ಧರ್ಧ ಅಡಿ ಇರಲಿ. ಆದರೂ ತೂರದಿದ್ದರೆ ಫೋಮಿಗೆ ತೆಳು ಪ್ಲಾಸ್ಟಿಕ್ ಚೀಲ ಸುತ್ತಿ, ಜಾರಿಸಿ, ಒಳಗೆ ಹೋದ ಮೇಲೆ ಚೀಲ ಎಳೆದುಬಿಡಿ.

ಹಂತ 8: ಕೂರಿಸುವುದು, ಮಲಗುವುದು

ಬ್ರೇಕ್ ಹಾಕಿದಾಗ ಹಾಸಿಗೆ ಮುಂದಕ್ಕೆ ನುಗ್ಗುತ್ತದೆ. ಅಡುಗೆಮನೆ ಡ್ರಾಯರ್‌ಗೆ ಹಾಕುವ ಜಾರದ ಜಾಲಿ ಮ್ಯಾಟ್ ಅಡಿಗೆ ಹಾಕಿದರೆ ಅರ್ಧ ಕೆಲಸ ಆಯಿತು. ಪಕ್ಕಪಕ್ಕದ ತುಂಡುಗಳಿಗೆ ಎರಡೆರಡು ಕಡೆ ವೆಲ್ಕ್ರೋ ಪಟ್ಟಿ ಹೊಲಿಸಿದರೆ ರಾತ್ರಿ ಸಂದಿ ಬಿಟ್ಟುಕೊಳ್ಳುವುದಿಲ್ಲ.

ಮೊದಲ ರಾತ್ರಿ ಊರಲ್ಲೇ, ಮನೆ ಮುಂದೆಯೇ ಮಲಗಿ. ಹಾಸಿಗೆ ಬಗ್ಗೆ ಮಾಡುವ ಅರ್ಧ ದೂರು ನಿಜವಾಗಿ ಇಳಿಜಾರಿನದು. ನೀರಿನ ಬಾಟಲಿ ಅರ್ಧ ತುಂಬಿ ಹಾಸಿಗೆ ಮೇಲೆ ಮಲಗಿಸಿ. ಗುಳ್ಳೆ ಯಾವ ಕಡೆ ಓಡುತ್ತದೋ ಆ ಕಡೆ ಎತ್ತರ. ತಗ್ಗಿನ ಚಕ್ರದ ಕೆಳಗೆ ಹಲಗೆ ತುಂಡು ಇಟ್ಟು ಅದರ ಮೇಲೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರಿನಲ್ಲೂ ನಿಲ್ಲಿಸಿ. ಅಡ್ಡ ಸಮ ಆದರೆ ಸಾಕು. ಉದ್ದಕ್ಕೆ ಸ್ವಲ್ಪ ಇಳಿಜಾರು ಇದ್ದರೆ ತಲೆ ಎತ್ತರದ ಕಡೆ ಹಾಕಿ.

ಬೆಳಿಗ್ಗೆ ಎದ್ದ ತಕ್ಷಣ ಬೆಡ್‌ಶೀಟ್ ನೀಟಾಗಿ ಹಾಸಿ ಮುಚ್ಚಬೇಡಿ. ಮೂರೂ ತುಂಡನ್ನು ಡೇರೆಯ ಹಾಗೆ ನಿಲ್ಲಿಸಿ, ಬಾಗಿಲು ತೆರೆದು, ಕಾಫಿ ಕುಡಿಯುವವರೆಗೆ ಬಿಡಿ. ಅಡಿಭಾಗ ಮುಟ್ಟಿ ನೋಡಿ, ತಣ್ಣಗೆ ಪಸೆ ಅನಿಸಿದರೆ ಇನ್ನೊಂದರ್ಧ ಗಂಟೆ. ಬಿಸಿಲಿಗೆ ಹಾಕುವುದಾದರೆ ಕವರ್ ಸಮೇತ ಹಾಕಿ. ಬರಿಯ ಫೋಮ್ ಬಿಸಿಲಿಗೆ ಹಳದಿಯಾಗಿ ಪುಡಿ ಉದುರುತ್ತದೆ, ಲ್ಯಾಟೆಕ್ಸ್ ಇನ್ನೂ ಬೇಗ ಹಾಳಾಗುತ್ತದೆ. ಪ್ರವಾಸ ಮುಗಿದ ಮೇಲೆ ತುಂಡುಗಳನ್ನು ವ್ಯಾನಿನಲ್ಲೇ ಬಿಡದೆ ಮನೆಯೊಳಗೆ ತಂದು, ಗೋಡೆಗೆ ತಾಗಿಸದೆ ನಿಲ್ಲಿಸಿಡಿ. ಬೆಕ್ಕಿದ್ದರೆ ಅದು ಮೊದಲ ದಿನವೇ ಮೇಲಿನ ತುಂಡನ್ನು ತನ್ನದು ಮಾಡಿಕೊಳ್ಳುತ್ತದೆ. ಹಳೆ ಬೆಡ್‌ಶೀಟ್ ಹೊದಿಸಿಬಿಡಿ.